ಅಲ್ಯೂಮಿನಿಯಂ ಆಕ್ಸೈಡ್: ಹೆಸರೊಂದು, ಸರಕು ಹಲವು

ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳು ಸೇರಿ ಆದ ಸಂಯುಕ್ತವೇ ಅಲ್ಯೂಮಿನಿಯಂ ಆಕ್ಸೈಡ್. ವ್ಯಾಪಾರದಲ್ಲಿ ಇದನ್ನು ಅಲ್ಯೂಮಿನಾ ಎನ್ನುವುದು ರೂಢಿ. ನಿಸರ್ಗದಲ್ಲಿ ಇದು ಕುರುವಿಂದದ ಕಲ್ಲಾಗಿ ದೊರೆಯುತ್ತದೆ. ಮಾಣಿಕ್ಯ ಮತ್ತು ನೀಲಮಣಿಗಳೂ ಇದರ ರೂಪಗಳೇ. ಗಡಸುತನದ ಮೋಸ್ ಮಾಪಕದಲ್ಲಿ ವಜ್ರದ ಸ್ಥಾನ 10 ಆದರೆ ಇದರದು 9. ಸುಮಾರು 2,050 ಡಿಗ್ರಿ ಸೆಲ್ಸಿಯಸ್‌ವರೆಗೂ ಇದು ಕರಗದು, ವಿದ್ಯುತ್ತನ್ನು ಹರಿಯಗೊಡದು.

ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒತ್ತಡದಡಿ ಕಾಯಿಸಿ, ಕೆಂಪು ಕೆಸರನ್ನು ಬೇರ್ಪಡಿಸಿ, ದೊರೆತ ಹೈಡ್ರೇಟನ್ನು ಸುಟ್ಟು ಅಲ್ಯೂಮಿನಾ ಪಡೆಯುತ್ತಾರೆ. ಈ ವಿಧಾನವನ್ನು ಕಾರ್ಲ್ ಬಾಯರ್ 19ನೇ ಶತಮಾನದ ಕೊನೆಯಲ್ಲಿ ರೂಪಿಸಿದರು. ನಮ್ಮ ರಾಜ್ಯದಲ್ಲಿ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಅಲ್ಯೂಮಿನಾ ತಯಾರಿಕೆಗೆ ಹೆಸರಾಗಿದೆ. ಒಂದು ಟನ್ ಅಲ್ಯೂಮಿನಿಯಂ ಲೋಹಕ್ಕೆ ಸುಮಾರು ಎರಡು ಟನ್ ಅಲ್ಯೂಮಿನಾ ಬೇಕು.

ಲೋಹಕ್ಕಲ್ಲದೆ ಇತರ ಕೆಲಸಗಳಿಗೆ ಇದನ್ನು ಕೊಳ್ಳುವವರು ಮುಖ್ಯವಾಗಿ ಅರಿಯಬೇಕಾದುದು, ಸುಡುವ ಬಗೆ ಬದಲಾದರೆ ಸರಕಿನ ಗುಣವೂ ಬದಲಾಗುತ್ತದೆ ಎಂಬುದನ್ನು.

1. ಆಕ್ಟಿವೇಟೆಡ್ ಅಲ್ಯೂಮಿನಾ: ಕಡಿಮೆ ಶಾಖದಲ್ಲಿ ತಯಾರಾದ, ಸೂಕ್ಷ್ಮ ರಂಧ್ರಗಳುಳ್ಳ ಗುಳಿಗೆ. ಕಂಪ್ರೆಸರ್ ಗಾಳಿಯ ತೇವವನ್ನೂ ಕುಡಿಯುವ ನೀರಿನ ಫ್ಲೋರೈಡನ್ನೂ ಹೀರುತ್ತದೆ.

2. ಕ್ಯಾಲ್ಸೈನ್ಡ್ ಅಲ್ಯೂಮಿನಾ: 1,200 ಡಿಗ್ರಿ ಮತ್ತು ಅದಕ್ಕೂ ಮೇಲಿನ ಶಾಖದಲ್ಲಿ ಸುಟ್ಟ, ಆಲ್ಫಾ ರೂಪದ ಪುಡಿ. ಸ್ಪಾರ್ಕ್ ಪ್ಲಗ್, ವಿದ್ಯುತ್ ನಿರೋಧಕ, ಕುಲುಮೆಯ ಇಟ್ಟಿಗೆ ಹಾಗೂ ಪಾಲಿಷ್ ಪುಡಿಗಳಿಗೆ ಒದಗುತ್ತದೆ.

3. ಫ್ಯೂಸ್ಡ್ ಅಲ್ಯೂಮಿನಾ: ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಟ್ಟಿಗೊಳಿಸಿ ಒಡೆದ ಹರಳು. ಬಾಕ್ಸೈಟಿನಿಂದಾದ ಕಂದು ಬಗೆ ಬಿರುಸು. ಸಾಮಾನ್ಯ ಉಕ್ಕಿನ ಒರಟು ಸಾಣೆಗೆ ತಕ್ಕುದು. ಶುದ್ಧ ಅಲ್ಯೂಮಿನಾದಿಂದಾದ ಬಿಳಿ ಬಗೆ ಬೇಗ ಒಡೆದು ಹೊಸ ಅಂಚು ಕೊಡುವುದರಿಂದ, ಗಡಸುಗೊಳಿಸಿದ ಉಪಕರಣ ಉಕ್ಕನ್ನು ಹೆಚ್ಚು ಬಿಸಿಯಾಗದಂತೆ ಸಾಣೆ ಹಿಡಿಯುತ್ತದೆ. ಎರಕದ ಕಬ್ಬಿಣಕ್ಕಾದರೋ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್ ಚಕ್ರವೇ ಮೇಲು.

ಆದಕಾರಣ "ಶುದ್ಧತೆ 99%" ಎಂಬ ಪ್ರಮಾಣಪತ್ರವೊಂದೇ ಸಾಲದು. ಗಾಳಿ ಒಣಗಿಸುವ ಯಂತ್ರಕ್ಕೆ ಕ್ಯಾಲ್ಸೈನ್ಡ್ ಪುಡಿ ತುಂಬಿದರೆ ಅದು ಎಷ್ಟೇ ಶುದ್ಧವಾಗಿದ್ದರೂ ತೇವವನ್ನು ಸಾಕಷ್ಟು ಹೀರದು. ಕಡಿಮೆ ಸುಟ್ಟ ಪುಡಿಯಿಂದ ಪಿಂಗಾಣಿ ಅಚ್ಚು ಹಾಕಿದರೆ, ಗೂಡಿನಲ್ಲಿ ಅದು ಅತಿಯಾಗಿ ಕುಗ್ಗಿ ಬಿರುಕು ಬಿಡಬಹುದು. ವಿದ್ಯುತ್ ನಿರೋಧಕಗಳಿಗೆ ಸೋಡಾ ಅಂಶ ಕಡಿಮೆಯಿರುವ ಸರಕೇ ಬೇಕು.

ಖರೀದಿ ಆದೇಶದಲ್ಲಿ ಸರಕಿನ ಬಗೆ, ಕಣದ ಗಾತ್ರ, ಸೋಡಾ ಅಂಶ ಮತ್ತು ಬಳಕೆಯ ಉದ್ದೇಶ ಇವು ನಾಲ್ಕನ್ನೂ ನಮೂದಿಸಿ, ಮೊದಲು ಮಾದರಿಯನ್ನು ತರಿಸಿ ಪರೀಕ್ಷಿಸುವುದು ಕ್ಷೇಮ. ಸಾಣೆ ಹರಳಿನಲ್ಲಿ ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಣ ನಯವಾಗುತ್ತದೆಂಬುದೂ ನೆನಪಿರಲಿ. ನಾಲ್ಕು ಸಾಲಿನ ಈ ಬರಹವು ತಪ್ಪು ಸರಕಿನಿಂದಾಗುವ ನಷ್ಟವನ್ನೂ ಮಾರುವವರ ಹಾಗೂ ಕೊಳ್ಳುವವರ ನಡುವಣ ವಿವಾದವನ್ನೂ ತಪ್ಪಿಸಬಲ್ಲದು.