ವ್ಯರ್ಥ ಉಷ್ಣದಿಂದ ವಿದ್ಯುತ್ತು: ಬಾಗುವ ಉಷ್ಣವಿದ್ಯುತ್ ಸಾಧನಗಳು

ಮೋಟಾರು ವಾಹನದಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಭಾಗವು ಹೊಗೆಕೊಳವೆ, ರೇಡಿಯೇಟರುಗಳ ಮೂಲಕ ಉಷ್ಣರೂಪದಲ್ಲಿ ಗಾಳಿಯ ಪಾಲಾಗುತ್ತದೆ. ಕಾರ್ಖಾನೆಗಳ ಕುಲುಮೆ, ಬಾಯ್ಲರುಗಳಿಂದಲೂ ಅಪಾರ ಉಷ್ಣ ಸೋರಿಹೋಗುತ್ತದೆ. ವಿಶ್ರಾಂತಿಯಲ್ಲಿರುವ ಮಾನವದೇಹವೂ ಸುಮಾರು 100 ವಾಟ್ ಉಷ್ಣವನ್ನು ಹೊರಸೂಸುತ್ತದೆ. ಹೀಗೆ ಪೋಲಾಗುವುದರಲ್ಲಿ ಕಿಂಚಿತ್ತನ್ನಾದರೂ ವಿದ್ಯುತ್ತಾಗಿ ಮರಳಿ ಪಡೆಯಬಹುದೇ?

ಇದಕ್ಕೆ ಆಧಾರವಾದ ತತ್ತ್ವ ಹಳೆಯದು. ಎರಡು ಭಿನ್ನ ಲೋಹಗಳನ್ನು ಬಳೆಯಂತೆ ಜೋಡಿಸಿ ಒಂದು ಸಂಧಿಯನ್ನು ಬಿಸಿಮಾಡಿದಾಗ ಸಮೀಪದ ದಿಕ್ಸೂಚಿಯ ಮುಳ್ಳು ವಾಲುವುದನ್ನು ಥಾಮಸ್ ಯೋಹಾನ್ ಸೀಬೆಕ್ 1821ರಲ್ಲಿ ಕಂಡನು. ಆತ ಇದನ್ನು ಕಾಂತೀಯ ಪರಿಣಾಮವೆಂದು ಭಾವಿಸಿದನಾದರೂ ಅಲ್ಲಿ ಹರಿಯುತ್ತಿದ್ದುದು ವಿದ್ಯುತ್ ಪ್ರವಾಹವೆಂಬುದು ಬಳಿಕ ಸ್ಪಷ್ಟವಾಯಿತು. ಲೋಹಗಳಲ್ಲಿ ಈ ಪರಿಣಾಮ ಅತ್ಯಲ್ಪ. 1954ರಲ್ಲಿ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದ ಗುಣ ಬೆಳಕಿಗೆ ಬಂದ ಮೇಲೆ ಅದೇ ಈ ಕ್ಷೇತ್ರದ ಮುಖ್ಯ ವಸ್ತುವಾಯಿತು.

ಒಂದು ಸರಳ ಲೆಕ್ಕವನ್ನು ಪರಿಶೀಲಿಸೋಣ. ಬಿಸ್ಮತ್ ಟೆಲ್ಯುರೈಡಿನ ಧನ ಹಾಗೂ ಋಣ ಬಗೆಯ ಎರಡು ಕಂಬಗಳ ಜೋಡಿಯು ಪ್ರತಿ ಡಿಗ್ರಿ ಉಷ್ಣತಾ ವ್ಯತ್ಯಾಸಕ್ಕೆ ಸುಮಾರು 0.4 ಮಿಲಿವೋಲ್ಟ್ ನೀಡುತ್ತದೆ. ಸಾಧನದ ಎರಡು ಮುಖಗಳ ನಡುವೆ 5 ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಜೋಡಿಯಿಂದ ದೊರೆಯುವುದು 2 ಮಿಲಿವೋಲ್ಟ್. ಆದುದರಿಂದ 1 ವೋಲ್ಟಿಗೆ 500 ಜೋಡಿಗಳನ್ನು ಸರಣಿಯಲ್ಲಿ ಪೋಣಿಸಬೇಕು.

ಇಂತಹ ಕಂಬಗಳನ್ನು ಸಾಮಾನ್ಯವಾಗಿ ಗಡುಸಾದ ಪಿಂಗಾಣಿ ಫಲಕಗಳ ನಡುವೆ ಕೂರಿಸಲಾಗುತ್ತದೆ. ಉಷ್ಣ ಹೊರಹೊಮ್ಮುವ ಕೊಳವೆಯಾಗಲಿ ಮಣಿಕಟ್ಟಾಗಲಿ ಚಪ್ಪಟೆಯಲ್ಲ. ಗಟ್ಟಿ ಫಲಕವನ್ನು ಅವುಗಳ ಮೇಲಿಟ್ಟರೆ ನಡುವೆ ಗಾಳಿ ಉಳಿಯುತ್ತದೆ. ಗಾಳಿ ಉಷ್ಣದ ದುರ್ಬಲ ವಾಹಕವಾದ್ದರಿಂದ ಶಾಖವು ಸಾಧನವನ್ನು ಸರಿಯಾಗಿ ಮುಟ್ಟುವುದಿಲ್ಲ. ಬಾಗುವ ಸಾಧನದ ಅಗತ್ಯ ಇಲ್ಲಿಯೇ ಇದೆ. ಪಾಲಿಇಮೈಡ್ ಹಾಳೆಯ ಮೇಲೆ ಚಿಕ್ಕ ಕಂಬಗಳನ್ನು ಬಿಡಿಬಿಡಿಯಾಗಿ ಜೋಡಿಸುವುದು, ಉಷ್ಣವಿದ್ಯುತ್ ಶಾಯಿಯನ್ನು ಮುದ್ರಿಸುವುದು, ವಿದ್ಯುದ್ವಾಹಕ ಪಾಲಿಮರುಗಳನ್ನು ಬಳಸುವುದು ಇದಕ್ಕೆ ಕಂಡುಕೊಂಡ ಮಾರ್ಗಗಳು. ಕೋಣೆಯ ಉಷ್ಣತೆಯಲ್ಲಿಯೇ ಲೋಹದಂತೆ ಬಾಗುವ ಸಿಲ್ವರ್ ಸಲ್ಫೈಡ್ ಅರೆವಾಹಕದ ವರದಿ 2018ರಲ್ಲಿ ಹೊರಬಂದಿತು.

ಆದರೂ ಮಿತಿಗಳನ್ನು ಮರೆಯಲಾಗದು. ಪದರ ತೆಳುವಾದಷ್ಟು ಬಾಗುವಿಕೆ ಹೆಚ್ಚುತ್ತದೆ. ಅದರ ದಪ್ಪದ ಮೂಲಕ ಉಷ್ಣ ಹರಿಯುವಾಗ ಎರಡು ಮುಖಗಳ ನಡುವಣ ಉಷ್ಣತಾ ವ್ಯತ್ಯಾಸವೂ ಬೇಗ ಅಳಿಯುತ್ತದೆ. ಅಲ್ಲದೆ ಬಿಸಿ ಮುಖ 33 ಡಿಗ್ರಿ, ತಂಪು ಮುಖ 28 ಡಿಗ್ರಿ ಸೆಲ್ಸಿಯಸ್ ಇದ್ದಾಗ ನಿಸರ್ಗನಿಯಮವೇ ವಿಧಿಸುವ ಗರಿಷ್ಠ ದಕ್ಷತೆ ಶೇಕಡ 1.6 ಮಾತ್ರ, ವಾಸ್ತವದಲ್ಲಿ ದೊರೆಯುವುದು ಅದಕ್ಕಿಂತ ಬಹಳ ಕಡಿಮೆ. ಮೈಶಾಖದಿಂದ ಮನೆಯ ದೀಪ ಬೆಳಗಲಾರದು. ಆದರೆ ಕೈಗಡಿಯಾರ ನಡೆಯಬಲ್ಲುದೆಂದು ಜಪಾನಿನ ಸೈಕೋ ಸಂಸ್ಥೆ 1998ರಲ್ಲಿ ತೋರಿಸಿತು.

ಉತ್ತಮ ವಸ್ತುಗಳ ಶೋಧ ನಮ್ಮಲ್ಲಿಯೂ ನಡೆದಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬೆಳ್ಳಿ, ಆಂಟಿಮನಿ ಮತ್ತು ಟೆಲ್ಯುರಿಯಂಗಳ ಸಂಯುಕ್ತಕ್ಕೆ ಕ್ಯಾಡ್ಮಿಯಂ ಬೆರೆಸಿ ಅದರ ಉಷ್ಣವಿದ್ಯುತ್ ಗುಣವನ್ನು ಗಣನೀಯವಾಗಿ ಹೆಚ್ಚಿಸಿದುದನ್ನು 2021ರಲ್ಲಿ ಪ್ರಕಟಿಸಿದರು. ಚಲಿಸುವ ಭಾಗಗಳಿಲ್ಲದ, ಸದ್ದಿಲ್ಲದ ಈ ಸಾಧನಗಳು ದೊಡ್ಡ ವಿದ್ಯುದಾಗಾರಗಳಿಗೆ ಬದಲಿಯಲ್ಲ. ಕೋಶ ಬದಲಿಸಲು ಕೈಗೆಟುಕದ ಕೊಳವೆಯ ಸಂವೇದಕಕ್ಕೆ, ರೋಗಿಯ ಮೈಮೇಲಿನ ಪುಟ್ಟ ಮಾಪಕಕ್ಕೆ ಶಕ್ತಿಯೊದಗಿಸುವುದೇ ಇವುಗಳಿಗೆ ತಕ್ಕ ಕಾರ್ಯ.