ಹಳೆಯ ಟೆಲಿವಿಷನ್ನಿಗೆ ಬೆಲೆ ಕಟ್ಟುವ ಬಗೆ

ಬಳಸಿದ ವಸ್ತುವಿಗೆ ಬೆಲೆ ಕಟ್ಟುವುದರಲ್ಲಿ ನಮ್ಮ ಜನ ನಿಪುಣರು. ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನು ನೋಡುತ್ತಾನೆ. ಹಳೆಯ ಬೈಸಿಕಲ್ಲನ್ನು ಕೊಳ್ಳುವವನು ಚಕ್ರವನ್ನು ಎತ್ತಿ ತಿರುಗಿಸಿ ಅದರ ಓಲಾಟವನ್ನು ಗಮನಿಸುತ್ತಾನೆ. ಆದರೆ ಟೆಲಿವಿಷನ್ ಯಂತ್ರದ ವಿಷಯದಲ್ಲಿ ಈ ನೈಪುಣ್ಯವು ಸಾಲದೆ ಹೋದ ಕಾಲವೊಂದು ಈಚೆಗೆ ಬಂದು ಹೋಯಿತು. 2012ರಿಂದ 2017ರವರೆಗೆ ನಮ್ಮ ದೇಶದ ಕೇಬಲ್ ಪ್ರಸಾರವು ಅನಲಾಗ್ ಪದ್ಧತಿಯನ್ನು ಬಿಟ್ಟು ಡಿಜಿಟಲ್ ಪದ್ಧತಿಗೆ ಹಂತಹಂತವಾಗಿ ಬದಲಾಯಿತು. ಆಗ ಅಂಗಡಿಯಲ್ಲಿ ಸೊಗಸಾಗಿ ಚಿತ್ರ ತೋರಿದ ಯಂತ್ರವು ಕೊಂಡವನ ಮನೆಯಲ್ಲಿ ಮುಂದಿನ ತಿಂಗಳೇ ಕುರುಡಾಗುವ ಸಂಭವವಿತ್ತು. ಇದಕ್ಕೆ ವಿರುದ್ಧವಾಗಿ, ಯಾವ ದೋಷವೂ ಇಲ್ಲದ ಯಂತ್ರವು ‘ಇನ್ನು ಇದು ನಡೆಯುವುದಿಲ್ಲ’ ಎಂಬ ಒಂದು ಮಾತಿಗೆ ಗುಜರಿಯ ತಕ್ಕಡಿಯನ್ನೇರುವ ಸಂಭವವೂ ಇತ್ತು. ಮೊದಲನೆಯದರಲ್ಲಿ ಕೊಳ್ಳುವವನಿಗೆ ನಷ್ಟ, ಎರಡನೆಯದರಲ್ಲಿ ಮಾರುವವನಿಗೆ. ಎರಡಕ್ಕೂ ಮೂಲ ಒಂದೇ: ಟೆಲಿವಿಷನ್ ಎಂಬುದು ಒಂದೇ ಪೆಟ್ಟಿಗೆಯೊಳಗೆ ಕುಳಿತ ಎರಡು ಯಂತ್ರಗಳೆಂಬುದನ್ನು ಮರೆತದ್ದು.

ಈ ಎರಡರಲ್ಲಿ ಒಂದು ಗ್ರಾಹಕಯಂತ್ರ. ಆಂಟೆನಾ ಅಥವಾ ಕೇಬಲ್ಲಿನಿಂದ ಬರುವ ಹಲವು ಅಲೆಗಳಲ್ಲಿ ಬೇಕಾದ ಒಂದನ್ನು ಆರಿಸಿ, ಅದರ ಮೇಲೆ ಹೇರಿರುವ ಚಿತ್ರಸಂಕೇತವನ್ನೂ ಧ್ವನಿಸಂಕೇತವನ್ನೂ ಬಿಡಿಸಿಕೊಡುವುದು ಅದರ ಕೆಲಸ. ಅಂಗಡಿಯವರು ಟ್ಯೂನರ್ ಎನ್ನುವುದು ಇದರ ಮುಖ್ಯ ಅಂಗವನ್ನು. ಇನ್ನೊಂದು ದರ್ಶಕಯಂತ್ರ, ಬಿಡಿಸಿಕೊಟ್ಟ ಸಂಕೇತವನ್ನು ಬೆಳಕಾಗಿ ಪರದೆಯ ಮೇಲೆ ಮೂಡಿಸುವುದು ಇದರ ಕೆಲಸ. ಪ್ರಸಾರದ ಪದ್ಧತಿ ಬದಲಾದಾಗ ನಿರುಪಯುಕ್ತವಾಗುವುದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ಆ ಸುದ್ದಿಯೇ ತಿಳಿಯುವುದಿಲ್ಲ.

ವಿಷಯವನ್ನು ಒಂದು ಊರಿನಲ್ಲಿಟ್ಟು ನೋಡೋಣ. ಕುಂದಾಣವು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ಹೋಬಳಿಯ ಕೇಂದ್ರ. ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯನ್ನು ಅನುಸರಿಸಿ ಗೊತ್ತುಮಾಡಿದ ಗಡುವುಗಳು ಹಲವು ಬಾರಿ ಮುಂದೆ ಹೋದವು, ಪ್ರಕಟವಾದ ದಿನಾಂಕಗಳು ಹೀಗಿದ್ದವು: ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31, ದೇವನಹಳ್ಳಿಯಂಥ ಉಳಿದ ಎಲ್ಲ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಕುಂದಾಣದಂಥ ಹಳ್ಳಿಗಳಿಗೆ 2017ರ ಮಾರ್ಚ್ 31. ಹೀಗೆ ಒಂದೇ ರಸ್ತೆಯುದ್ದಕ್ಕೂ ಮೂರು ಊರು, ಮೂರು ದಿನಾಂಕ. ಬೆಂಗಳೂರಿನಲ್ಲಿ ಪೆಟ್ಟಿಗೆಯ ಸಹಾಯವಿಲ್ಲದೆ ನಡೆಯದಂತಾದ ಯಂತ್ರವು ದೇವನಹಳ್ಳಿಯಲ್ಲಿ ಇನ್ನೂ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ, ಕುಂದಾಣದಲ್ಲಿ ನಾಲ್ಕು ವರ್ಷ, ಹಾಗೆಯೇ ನಡೆಯಬಹುದಾಗಿತ್ತು. ಹಳೆಯ ಸರಕು ನಗರದಿಂದ ಹಳ್ಳಿಗೆ ಹರಿಯಲು ಇದಕ್ಕಿಂತ ಒಳ್ಳೆಯ ಇಳಿಜಾರು ಬೇಕೆ? ಮಾರುವವನು ಆ ದಿನಾಂಕವನ್ನು ಬಾಯಿಬಿಟ್ಟು ಹೇಳಿದರೆ ಅದು ನ್ಯಾಯವಾದ ವ್ಯಾಪಾರ. ಹೇಳದಿದ್ದರೆ ಬತ್ತುವ ಹಸುವನ್ನು ಹಾಲು ಕರೆದು ತೋರಿಸಿ ಮಾರಿದಂತೆ.

ಇಲ್ಲಿ ಮತ್ತೊಂದು ತೊಡಕೂ ಉಂಟು. ಬೆಂಗಳೂರು ದೂರದರ್ಶನದ ಪ್ರೇಷಕಕಂಬದಿಂದ ಕುಂದಾಣಕ್ಕೆ ನೇರದೂರ ಸುಮಾರು 30 ಕಿಲೋಮೀಟರು. ಟೆಲಿವಿಷನ್ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿಯ ಉಬ್ಬು ಅವನ್ನು ಮರೆಮಾಡುತ್ತದೆ. ವಾಯುಮಂಡಲವು ಅಲೆಯನ್ನು ಸ್ವಲ್ಪ ಬಾಗಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಕಂಬದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದಾಗ ಅಲೆ ಮುಟ್ಟುವ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಎತ್ತರವನ್ನು 100 ಮೀಟರೆಂದು ಇಟ್ಟುಕೊಂಡರೂ ದೂರ 41 ಕಿಲೋಮೀಟರು. ಮನೆಯ ಮೇಲೆ ಆಂಟೆನಾವನ್ನು 9 ಮೀಟರ್ ಎತ್ತರಕ್ಕೆ ಏರಿಸಿದರೆ ಇನ್ನೂ 12 ಕಿಲೋಮೀಟರು ಸೇರುತ್ತದೆ. ನಡುವೆ ದಿಣ್ಣೆಯೋ ಕಟ್ಟಡವೋ ಅಡ್ಡಬರದಿದ್ದರೆ ಕುಂದಾಣವು ಈ ವರ್ತುಲದ ಒಳಗೇ ಇದೆ. ಈ ಭೂಪ್ರಸಾರಕ್ಕೆ ಕೇಬಲ್ಲಿನ ಗಡುವು ಅನ್ವಯಿಸುತ್ತಿರಲಿಲ್ಲ. ಪ್ರಸಾರ ಭಾರತಿಯು ದೇಶದ ಅನಲಾಗ್ ಪ್ರೇಷಕಗಳಲ್ಲಿ ಬಹುಪಾಲನ್ನು 2021ರ ವೇಳೆಗೆ ನಿಲ್ಲಿಸಿ, ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ ವೇಳೆಗೆ ಮುಗಿಸುವುದಾಗಿ ಪ್ರಕಟಿಸಿತು. ಆದುದರಿಂದ ‘ಈ ಟೀವಿ ಎಂದಿನವರೆಗೆ ನಡೆಯುತ್ತದೆ?’ ಎಂಬ ಪ್ರಶ್ನೆಗೆ, ಅದರ ಹಿಂಬದಿಗೆ ಯಾವ ತಂತಿಯನ್ನು ಸಿಕ್ಕಿಸುತ್ತೀರಿ ಎಂದು ಕೇಳದೆ ಉತ್ತರ ಹೇಳುವಂತಿರಲಿಲ್ಲ.

ಹಳೆಯ ಗ್ರಾಹಕಯಂತ್ರವು ಹೊಸ ಸಂಕೇತವನ್ನು ಓದಲಾರದು, ಏಕೆ? ನಮ್ಮ ಅನಲಾಗ್ ಪದ್ಧತಿಯಲ್ಲಿ ಒಂದು ಚಿತ್ರವನ್ನು 625 ಗೆರೆಗಳಾಗಿ ಸೀಳಿ, ಸೆಕೆಂಡಿಗೆ 25 ಚಿತ್ರಗಳಂತೆ ಕಳುಹಿಸುತ್ತಿದ್ದರು. ಎಂದರೆ ಸೆಕೆಂಡಿಗೆ 15,625 ಗೆರೆಗಳು. ಗೆರೆಯ ಮೇಲೆ ಬೆಳಕು ಎಲ್ಲಿ ಹೆಚ್ಚೋ ಕಡಮೆಯೋ ಅಲ್ಲಿ ಅಲೆಯ ಬಲವೂ ಅದೇ ಪ್ರಮಾಣದಲ್ಲಿ ಬದಲಾಗುತ್ತಿತ್ತು. ಬೆಳಕಿನ ಏರಿಳಿತ ಹೇಗೋ ಅಲೆಯ ಏರಿಳಿತವೂ ಹಾಗೆ. ಈ ಸಾದೃಶ್ಯದಿಂದಲೇ ಅನಲಾಗ್ ಎಂಬ ಹೆಸರು. ಯಂತ್ರದೊಳಗಿನ ಎಲೆಕ್ಟ್ರಾನ್ ಕಿರಣವು ಅದೇ ವೇಗದಲ್ಲಿ ಪರದೆಯ ಮೇಲೆ ಗೆರೆ ಎಳೆಯುತ್ತ, ಬಂದ ಸಂಕೇತದಂತೆ ತೀಕ್ಷ್ಣವೂ ಮಂದವೂ ಆಗುತ್ತಿತ್ತು. ಅಲ್ಲಿ ಲೆಕ್ಕಾಚಾರ ಮಾಡುವ ಅಂಗವೇ ಇಲ್ಲ.

ಡಿಜಿಟಲ್ ಪದ್ಧತಿಯಲ್ಲಿ ಬರುವುದು ಅಂಕಿಗಳು. ಸಾಮಾನ್ಯ ದರ್ಜೆಯ ಒಂದು ಚಿತ್ರವನ್ನು ಅಡ್ಡಡ್ಡಲಾಗಿ 720, ಉದ್ದುದ್ದವಾಗಿ 576 ಚುಕ್ಕೆಗಳಾಗಿ ವಿಂಗಡಿಸುತ್ತಾರೆ. ಸೆಕೆಂಡಿಗೆ 25 ಚಿತ್ರಗಳಂತೆ ಒಂದು ಕೋಟಿಗೂ ಹೆಚ್ಚು ಚುಕ್ಕೆಗಳಾದವು. ಒಂದೊಂದು ಚುಕ್ಕೆಗೆ 16 ಬಿಟ್‌ಗಳಂತೆ ಎಣಿಸಿದರೆ ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್‌ಗಳು. ಇಷ್ಟನ್ನೂ ಕಳುಹಿಸಬೇಕಾದರೆ ಅನಲಾಗ್ ಪದ್ಧತಿಗಿಂತ ಹೆಚ್ಚು ಸ್ಥಳ ಬೇಕು. ಆದರೆ ವಾರ್ತೆ ಓದುವವರು ಕುರ್ಚಿಯಲ್ಲಿ ಕುಳಿತಿರುವಾಗ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವೆಷ್ಟು? ತುಟಿ ಅಲುಗಿತು, ರೆಪ್ಪೆ ಮುಚ್ಚಿತು. ಹಿಂದಿನ ಪರದೆ ಇದ್ದಂತೆಯೇ ಇದೆ. ಬದಲಾದುದನ್ನು ಮಾತ್ರ ಕಳುಹಿಸಿದರೆ ಸಾಕಷ್ಟೆ. ಈ ಉಪಾಯಕ್ಕೆ ಇನ್ನೂ ಕೆಲವನ್ನು ಸೇರಿಸಿ ಸಂಕೇತವನ್ನು ಸೆಕೆಂಡಿಗೆ 30–40 ಲಕ್ಷ ಬಿಟ್‌ಗಳಿಗೆ ಇಳಿಸಿದರು. ಒಂದು ಅನಲಾಗ್ ಚಾನಲ್ಲು ಹಿಡಿಯುತ್ತಿದ್ದ ಅಷ್ಟೇ ಸ್ಥಳದಲ್ಲಿ ಕೇಬಲ್ಲಿನ ಮೂಲಕ ಸುಮಾರು 3.8 ಕೋಟಿ ಬಿಟ್‌ಗಳನ್ನು ಸಾಗಿಸಬಹುದು. ಆದುದರಿಂದ ಒಂದರ ಜಾಗದಲ್ಲಿ ಹತ್ತು ಚಾನಲ್ಲುಗಳು. ಪದ್ಧತಿಯನ್ನು ಬದಲಾಯಿಸಲು ಇದ್ದ ಬಲವಾದ ಕಾರಣಗಳಲ್ಲಿ ಇದೊಂದು. ಈ ಅಂಕಿಗಳ ಪ್ರವಾಹ ಹಳೆಯ ಟ್ಯೂನರಿಗೆ ಬರಿಯ ಗದ್ದಲ. ಅದು ಪರದೆಯ ಮೇಲೆ ಅಕ್ಕಿ ಎರಚಿದಂಥ ಬಿಳಿಯ ಚುಕ್ಕೆಗಳನ್ನು ತೋರಿಸಿ ಸುಮ್ಮನಾಗುತ್ತದೆ.

ಮೊರೆತ ಹೆಚ್ಚಿದಾಗ ಎರಡು ಪದ್ಧತಿಗಳೂ ನಡೆದುಕೊಳ್ಳುವ ರೀತಿಯಲ್ಲಿಯೂ ಭೇದವಿದೆ. ಅನಲಾಗ್ ಚಿತ್ರವು ಸಂಜೆಯ ಬೆಳಕಿನಂತೆ ಮೆಲ್ಲಮೆಲ್ಲನೆ ಮಂಕಾಗುತ್ತದೆ. ಕಣ್ಣು ಕಿರಿದು ಮಾಡಿಕೊಂಡು ಕ್ರಿಕೆಟ್ ನೋಡಿದವರಿಗೆ ಇದು ಗೊತ್ತು. ಡಿಜಿಟಲ್ ಚಿತ್ರವು ಒಂದು ಮಿತಿಯವರೆಗೆ ಸ್ವಲ್ಪವೂ ಕೆಡುವುದಿಲ್ಲ. ಮಿತಿ ದಾಟಿತೋ, ಚೌಕಚೌಕವಾಗಿ ಒಡೆದು ನಿಂತೇ ಹೋಗುತ್ತದೆ.

ಹಾಗಾದರೆ ಹಳೆಯ ಯಂತ್ರಕ್ಕೆ ಉಪಾಯವೇನು? ಓದಲು ಬಾರದವನಿಗೆ ಬೇರೆಯವರು ಪತ್ರ ಓದಿ ಹೇಳುವುದಿಲ್ಲವೆ? ಹಾಗೆಯೇ ಗ್ರಾಹಕಯಂತ್ರದ ಕೆಲಸವನ್ನು ಹೊರಗಿನ ಒಂದು ಪೆಟ್ಟಿಗೆ ಮಾಡಬಹುದು. ಅದೇ ಸೆಟ್ ಟಾಪ್ ಬಾಕ್ಸ್. ಈ ಏರ್ಪಾಡು ಕರ್ನಾಟಕಕ್ಕೆ ಹೊಸದೇನೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದಿಂದ ಕಾರ್ಯಕ್ರಮಗಳನ್ನು ಪಡೆದವು. ನಮ್ಮಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಲ್ಲಿಯೂ ಕೋಳಿಗೂಡಿನ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾಕ್ಕೂ ಟೆಲಿವಿಷನ್ನಿಗೂ ನಡುವೆ ಸಂಕೇತವನ್ನು ಪರಿವರ್ತಿಸುವ ಸಾಧನವೊಂದು ಇತ್ತು.

ಈಗ ಬೆಲೆಯ ಮಾತಿಗೆ ಬರೋಣ. ಅಮೆರಿಕದಲ್ಲಿ ಪೂರ್ಣಶಕ್ತಿಯ ಅನಲಾಗ್ ಪ್ರಸಾರ ನಿಂತದ್ದು 2009ರ ಜೂನ್ 12ರಂದು. ಅಲ್ಲಿ 2007ರ ಮಾರ್ಚ್ 1ರಿಂದ ಹೊಸ ಟೆಲಿವಿಷನ್ನುಗಳಲ್ಲಿ ಡಿಜಿಟಲ್ ಟ್ಯೂನರು ಇರಲೇಬೇಕೆಂಬ ನಿಯಮ ಬಂದಿತ್ತು. ಅನಲಾಗ್ ಯಂತ್ರ ಮಾರುವ ಅಂಗಡಿಗಳು ಎಚ್ಚರಿಕೆಯ ಫಲಕ ಹಾಕಬೇಕಾಗಿತ್ತು. ಸರ್ಕಾರವು ಮನೆಗೆ ಎರಡರಂತೆ, ಪೆಟ್ಟಿಗೆ ಕೊಳ್ಳಲು 40 ಡಾಲರಿನ ಚೀಟಿಗಳನ್ನು ಹಂಚಿತು. ಅಲ್ಲಿ ಹೊಸ ಯಂತ್ರಕ್ಕೆ ಪೆಟ್ಟಿಗೆ ಬೇಡ, ಹಳೆಯದಕ್ಕೆ ಬೇಕು. ಆದುದರಿಂದ ಈ ಕಾರಣದಿಂದ ಹಳೆಯದರ ಬೆಲೆ ಇಳಿಯಬೇಕಾದದ್ದು ಒಂದು ಪೆಟ್ಟಿಗೆಯ ಬೆಲೆಯಷ್ಟು. ನಮ್ಮ ಕೇಬಲ್ಲಿನ ಸ್ಥಿತಿ ಬೇರೆ. ಇಲ್ಲಿ ಸಂಕೇತಗಳು ಬೀಗ ಹಾಕಿ ಬರುತ್ತವೆ. ಹಣ ತೆತ್ತವರಿಗೆ ಮಾತ್ರ ಬಿಚ್ಚುವ ಬೀಗದಕೈ ಪೆಟ್ಟಿಗೆಯೊಳಗೆ. ಕುಂದಾಣದ ಮನೆಯೊಂದು ಅತ್ಯಂತ ಹೊಸ ತೆಳು ಟೀವಿಯನ್ನು ಕೊಂಡು ತಂದರೂ ಅದೇ ಪೆಟ್ಟಿಗೆ ಬೇಕೇಬೇಕು. ಹೊಸತಕ್ಕೂ ಹಳೆಯದಕ್ಕೂ ಸಮಾನವಾಗಿ ಬೇಕಾದ ವಸ್ತುವಿನ ನೆಪದಲ್ಲಿ ಹಳೆಯದರ ಬೆಲೆಯನ್ನು ಇಳಿಸುವುದು ತರ್ಕಕ್ಕೆ ಒಪ್ಪುವ ಮಾತಲ್ಲ. ‘ಡಿಜಿಟಲ್ ಬಂತು, ಡಬ್ಬಾ ಟೀವಿ ಹೋಯಿತು’ ಎಂದು ಹೇಳಿ ಒಳ್ಳೆಯ ಯಂತ್ರವನ್ನು ಕಾಸಿಗೆ ಕೊಂಡವರು ಭೌತಶಾಸ್ತ್ರವನ್ನಲ್ಲ, ಹೆದರಿಕೆಯನ್ನು ಮಾರಿದರು ಎನ್ನಬೇಕು. ಹಳೆಯ ಯಂತ್ರಗಳ ಬೆಲೆ ಇಳಿಯಲು ನಿಜವಾದ ಕಾರಣಗಳು ಅವುಗಳ ಭಾರ, ಅವು ನುಂಗುವ ವಿದ್ಯುತ್ತು, ತೆಳು ಪರದೆಗಳ ಬೆಲೆ ಇಳಿದದ್ದು. ಅವು ಚೌಕಾಶಿಗೆ ನ್ಯಾಯವಾದ ವಿಷಯಗಳು. ಇದಕ್ಕೆ ಪ್ರತಿಯಾದ ಮೋಸವೂ ಉಂಟೆಂಬುದನ್ನು ಮರೆಯಬಾರದು: ಕೆಲವು ಹಳೆಯ ಯಂತ್ರಗಳ ಮುಖದ ಮೇಲೆ ‘ಡಿಜಿಟಲ್’ ಎಂಬ ಮುದ್ರೆ ಇರುತ್ತದೆ. ಅದು ಒಳಗಿನ ಧ್ವನಿಯ ಅಥವಾ ನಿಯಂತ್ರಣದ ಮಂಡಲವನ್ನು ಕುರಿತದ್ದು. ಟ್ಯೂನರಿಗೂ ಅದಕ್ಕೂ ಸಂಬಂಧವಿಲ್ಲ.

ಬೆಲೆಯನ್ನು ನಿರ್ಣಯಿಸುವ ಜಾಗ ಯಂತ್ರದ ಬೆನ್ನಿನಲ್ಲಿದೆ. ಅಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಗುಂಡು ರಂಧ್ರಗಳಿದ್ದರೆ ಪೆಟ್ಟಿಗೆಯಿಂದ ಬಂದ ಚಿತ್ರ ಹಳದಿಯ ಮೂಲಕ, ಧ್ವನಿ ಉಳಿದೆರಡರ ಮೂಲಕ ಟ್ಯೂನರನ್ನು ಮುಟ್ಟದೆಯೇ ಒಳಗೆ ಹೋಗುತ್ತವೆ. ಇಂಥ ಯಂತ್ರದ ಟ್ಯೂನರು ಸತ್ತಿದ್ದರೂ ಚಿಂತೆಯಿಲ್ಲ. ಅಷ್ಟಕ್ಕೆ ಬೆಲೆ ಇಳಿಸಿಕೊಂಡು ಕೊಂಡವನೇ ಜಾಣ. ಆದರೆ ಹಳೆಯ ಕಪ್ಪುಬಿಳುಪು ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಚಪ್ಪಟೆ ತಂತಿಯನ್ನು ಬಿಗಿಯುವ ಎರಡು ತಿರುಪುಗಳು ಮಾತ್ರ ಇರುತ್ತವೆ. ಅವಕ್ಕೆ ಪೆಟ್ಟಿಗೆಯ ಸಂಕೇತವನ್ನು ಮತ್ತೆ ಅಲೆಯ ಮೇಲೆ ಹೇರಿಕೊಡುವ ಮಾಡ್ಯುಲೇಟರೂ, ಕೇಬಲ್ಲಿನ 75 ಓಮನ್ನು ತಿರುಪುಗಳ 300 ಓಮಿಗೆ ಹೊಂದಿಸುವ ಪುಟ್ಟ ಪರಿವರ್ತಕವೂ ಬೇಕು. ಟ್ಯೂನರು ಜೀವಂತವಾಗಿಯೂ ಇರಬೇಕು. ಇವುಗಳ ಬೆಲೆಯನ್ನು ಯಂತ್ರದ ಬೆಲೆಯಿಂದ ಕಳೆಯಬೇಕು.

ಉಳಿದದ್ದು ಚಿತ್ರಕೊಳವೆಯ ಪರೀಕ್ಷೆ. ಯಂತ್ರವನ್ನು ಕನಿಷ್ಠ ಅರ್ಧ ಗಂಟೆ ನಡೆಸಿ ನೋಡಬೇಕು. ಚಿತ್ರ ಬೆಳ್ಳಗಾಗಲು ಬಹಳ ಹೊತ್ತು ಹಿಡಿದರೆ, ಬೆಳಕು ಹೆಚ್ಚಿಸಿದಾಗ ಬಿಳಿಯ ಭಾಗಗಳು ಕಲಸಿದಂತಾದರೆ, ಎಲೆಕ್ಟ್ರಾನುಗಳನ್ನು ಹೊರಸೂಸುವ ಋಣಧ್ರುವವು ಸವೆದಿದೆಯೆಂದು ಅರ್ಥ. ಅದಕ್ಕೆ ಅಗ್ಗದ ಮದ್ದಿಲ್ಲ. ಬಣ್ಣದ ಪರದೆಯ ಮೂಲೆಯಲ್ಲಿ ಹಸುರು ಅಥವಾ ಕೆನ್ನೀಲಿ ಕಲೆ ಕಂಡರೆ ಮಾತ್ರ ಅವಸರಪಡಬಾರದು. ಪಕ್ಕದಲ್ಲಿಟ್ಟ ಧ್ವನಿವರ್ಧಕದ ಅಯಸ್ಕಾಂತದಿಂದ ಒಳಗಿನ ಉಕ್ಕಿನ ಜಾಲರಿ ಕಾಂತತ್ವ ಪಡೆದು, ಕಿರಣವು ದಾರಿ ತಪ್ಪಿರುವುದುಂಟು. ಯಂತ್ರವನ್ನು ಆರಿಸಿ, ತಣಿದ ಮೇಲೆ ಹೊತ್ತಿಸಿದಾಗ ಒಳಗಿನ ಸುರುಳಿಯೊಂದು ಈ ಕಾಂತತ್ವವನ್ನು ಅಳಿಸುತ್ತದೆ. ಕೆಲವು ಬಾರಿ ಹೀಗೆ ಮಾಡಿದರೆ ಕಲೆ ಹೋಗಬಹುದು. ಇನ್ನೊಂದು ಪರೀಕ್ಷೆಗೆ ಎಳೆಯ ಕಿವಿ ಸಾಕು. ಸೆಕೆಂಡಿಗೆ 15,625 ಗೆರೆಗಳನ್ನು ಎಳೆಯುವ ಮಂಡಲದ ಬಿಡಿಭಾಗಗಳು ಅದೇ ಕಂಪನಾಂಕದಲ್ಲಿ ಸಣ್ಣಗೆ ಸಿಳ್ಳು ಹಾಕುತ್ತವೆ. ವಯಸ್ಸಾದಂತೆ ನಮ್ಮ ಕಿವಿ ಈ ಎತ್ತರದ ಸ್ವರವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಹಳೆಯ ಟೀವಿ ಕೊಳ್ಳಲು ಹೋಗುವ ಅಜ್ಜನು ಮೊಮ್ಮಗಳನ್ನು ಜೊತೆಗೆ ಕರೆದೊಯ್ಯುವುದು ಲೇಸು. ಪರದೆ ಕಪ್ಪಾಗಿದ್ದರೂ ಆಕೆಗೆ ಸಿಳ್ಳು ಕೇಳಿಸಿದರೆ ಆ ಮಂಡಲ ಬದುಕಿದೆ. ಬೆನ್ನಿನ ಹಲಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಬಣ್ಣದ ಕೊಳವೆಗೆ 20ರಿಂದ 25 ಸಾವಿರ ವೋಲ್ಟ್ ಕೊಟ್ಟಿರುತ್ತಾರೆ. ಆರಿಸಿದ ಮೇಲೆಯೂ ಅದರಲ್ಲಿ ಆವೇಶ ಉಳಿದಿರುತ್ತದೆ.

ಪರೀಕ್ಷೆಯಲ್ಲಿ ಸೋತ ಯಂತ್ರವು ಗುಜರಿಗೇ ಸಲ್ಲುತ್ತದೆ. ಅಲ್ಲಿ ಅದರ ಬೆಲೆ ಮುಖ್ಯವಾಗಿ ತಾಮ್ರದ ಬೆಲೆ. ಕೊಳವೆಯ ಕತ್ತಿನಲ್ಲಿರುವ ಸುರುಳಿಗಳಲ್ಲಿ ಒಳ್ಳೆಯ ತಾಮ್ರವಿದೆ. ಕೊಳ್ಳುವವರಿಲ್ಲದ ಗಾಜಿನಲ್ಲಿ ಎಕ್ಸ್ ಕಿರಣಗಳನ್ನು ತಡೆಯಲು ಬೆರೆಸಿದ ಸೀಸವಿದೆ, ದೊಡ್ಡ ಬಣ್ಣದ ಕೊಳವೆಯಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ. ಅದನ್ನು ಒಡೆದು ಕೆರೆಯಂಗಳದಲ್ಲಿ ಸುರಿದರೆ ಸೀಸವು ಮೆಲ್ಲಗೆ ಮಣ್ಣಿಗೂ ನೀರಿಗೂ ಇಳಿಯುತ್ತದೆ. 2012ರ ಮೇ ತಿಂಗಳಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳೂ ಅವುಗಳ ಸ್ಥಾನದಲ್ಲಿ ಆಮೇಲೆ ಬಂದ ನಿಯಮಗಳೂ ಇಂಥ ವಸ್ತುವನ್ನು ಅಧಿಕೃತ ಸಂಸ್ಕಾರಕರಿಗೇ ಕೊಡಬೇಕೆನ್ನುತ್ತವೆ. ಹಳ್ಳಿಗೆ ತಳ್ಳುಗಾಡಿಯಲ್ಲಿ ಬರುವ ಗುಜರಿಯವನು ತಾಮ್ರವನ್ನು ಕಿತ್ತು ಗಾಜನ್ನು ಅಲ್ಲಿಯೇ ಬಿಟ್ಟುಹೋಗುವುದಕ್ಕೆ ಅವಕಾಶ ಕೊಡದೆ, ಯಂತ್ರವನ್ನು ಇಡಿಯಾಗಿಯೇ ಸಾಗಹಾಕಬೇಕು.

ಮಾಳಿಗೆಯ ಮೇಲಿನ ಆಂಟೆನಾ ಒಂದು ಉಳಿಯಿತು. ದೂರದರ್ಶನವು 2016ರ ಫೆಬ್ರವರಿಯಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರವನ್ನು ಆರಂಭಿಸಿದಾಗ, ಹಳೆಯ ಆಂಟೆನಾವೇ ಅದಕ್ಕೂ ಸಾಕೆ ಎಂದು ಕೇಳಬಹುದಾಗಿತ್ತು. ಲೆಕ್ಕ ಮಾಡಿದರೆ ಉತ್ತರ ದೊರೆಯುತ್ತದೆ. ಆಂಟೆನಾದ ಮುಖ್ಯ ಕಡ್ಡಿಯ ಉದ್ದ ಅಲೆಯುದ್ದದ ಅರ್ಧದಷ್ಟಿರಬೇಕು. 200 ಮೆಗಾಹರ್ಟ್ಸ್ ಕಂಪನಾಂಕದ ಹಳೆಯ ಅಲೆಗೆ ಇದು 75 ಸೆಂಟಿಮೀಟರು. 500 ಮೆಗಾಹರ್ಟ್ಸ್ ಸುತ್ತಿನ ಹೊಸ ಪಟ್ಟಿಗೆ 30 ಸೆಂಟಿಮೀಟರು. ಹಳೆಯ ಕಡ್ಡಿ ಹೊಸ ಅಲೆಗೆ ಎರಡೂವರೆ ಪಟ್ಟು ಉದ್ದವಾಯಿತು. ಅಲ್ಯೂಮಿನಿಯಮ್ ಮಾತ್ರ ಕಿಲೋ ಲೆಕ್ಕದಲ್ಲಿ ಎಲ್ಲಿಯಾದರೂ ಮಾರಾಟವಾಗುತ್ತದೆ.