ರಸ್ತೆಯ ಮೇಲಿನ ಗೀರು

ಕುಬಿಹಾಳದ ಎರೆಹೊಲಗಳ ನಡುವಣ ರಸ್ತೆಯಲ್ಲಿ ಹಳೆಯ ಜೀಪೊಂದು ಕೂಲಿಕಾರನೊಬ್ಬನಿಗೆ ಬಡಿಯಿತೆಂದು ಭಾವಿಸೋಣ. ವೇಗವು ಗಂಟೆಗೆ 40 ಕಿ.ಮೀ. ಇದ್ದಿತೆಂಬುದು ಚಾಲಕನ ಹೇಳಿಕೆ. ಟೈರುಗಳು ಬಿಟ್ಟ ಗೀರಾದರೋ 28 ಮೀಟರ್ ಉದ್ದವಿದೆ.

ಬಿಗಿದ ಚಕ್ರಗಳು ಜಾರುವಾಗ, ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ಗೀರಿನ ಉದ್ದ, ಈ ಮೂರರ ಗುಣಲಬ್ಧದ ಇಮ್ಮಡಿಯೇ ವೇಗದ ವರ್ಗ. ಒಣ ಡಾಂಬರಿಗೆ ಘರ್ಷಣಾಂಕವನ್ನು 0.7 ಎಂದಿಟ್ಟುಕೊಂಡರೆ ವೇಗ ಸುಮಾರು 70 ಕಿ.ಮೀ. ಆಗುತ್ತದೆ. ಮಳೆಗಾಲದಲ್ಲಿ ಟ್ರಾಕ್ಟರುಗಳು ರಸ್ತೆಗೆ ತರುವ ಎರೆಕೆಸರಿನ ಜಾರಿಕೆಯನ್ನು ನಮ್ಮ ಓದುಗರು ಬಲ್ಲರಷ್ಟೆ. ಘರ್ಷಣಾಂಕ ಅರ್ಧಕ್ಕಿಳಿದಿದ್ದರೆ ಅದೇ ಗೀರು 50 ಕಿ.ಮೀ. ಎನ್ನುತ್ತದೆ. ಚಾಲಕನ ಮಾತು ಆಗಲೂ ನಿಲ್ಲದು. ಮೇಲಾಗಿ ಕೆಸರನ್ನು ಕಂಡೂ ನಿಧಾನಿಸದಿರುವುದೇ ನಿರ್ಲಕ್ಷ್ಯ.

1988ರ ಮೋಟಾರು ವಾಹನ ಕಾಯ್ದೆಯ ಮೇರೆಗೆ ಪರಿಹಾರ ಕೊಡಿಸುವ ನ್ಯಾಯಮಂಡಳಿಯು ಸಂಶಯಾತೀತ ರುಜುವಾತನ್ನು ಕೇಳದು. ಸಂಭಾವ್ಯತೆಯ ತೂಕವನ್ನು ನೋಡುತ್ತದೆ. ಆದ್ದರಿಂದಲೇ ಗೀರನ್ನೂ ಕೆಸರನ್ನೂ ಅಂದೇ ಅಳೆದಿಡಬೇಕು.

ಗಾಯಾಳುವಿಗೆ 30 ವರ್ಷ, ವರ್ಷದ ಗಳಿಕೆ 1,20,000 ರೂಪಾಯಿ, ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ ಎನ್ನೋಣ. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಗೊತ್ತುಪಡಿಸಿದಂತೆ ಈ ವಯಸ್ಸಿನ ಗುಣಕ 17. ಗಳಿಕೆಯ ನಷ್ಟವೇ 6,12,000 ರೂಪಾಯಿ. ಮುಂದಿನ ಆದಾಯವೃದ್ಧಿ, ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರಗಳು ಬೇರೆ. ಆತನದೂ ನಾಲ್ಕರಲ್ಲೊಂದು ಪಾಲು ತಪ್ಪೆಂದು ತೀರ್ಮಾನವಾದರೆ ಈ ಮೊತ್ತ 4,59,000ಕ್ಕೆ ಇಳಿಯುತ್ತದೆ.